ರಂಗೋಲಿ ಇಲ್ಲದ ಬಾಗಿಲು

ಮಠದ ಬಾಗಿಲಲ್ಲಿ ಬಾಳೆಹಣ್ಣಿನ ಸಿಪ್ಪೆಯೊಂದು ಬಿದ್ದಿತ್ತು. ವಿಷಯ ಗಂಭೀರವಾದದ್ದರಿಂದ ಶಿಷ್ಯ ಖುದ್ದಾಗಿ ಅದನ್ನು ವಿಲೇವಾರಿ ಮಾಡಿ, ಕೈ ತೊಳೆದು, ಗುರುಗಳಿಗೆ ವರದಿ ಒಪ್ಪಿಸಿದ. ಆಮೇಲೆ ಕೇಳಿದ: "ಬುದ್ಧಿ, ನಗರ ದಿನದಿನಕ್ಕೆ ಬೆಳೆಯುತ್ತಿದೆ. ಇಷ್ಟು ದೊಡ್ಡ ಊರಿನ ಕಸಕ್ಕೆ ಪರಿಹಾರವೇನು?"

ಗುರುಗಳು ಹೇಳಿದರು:

ಒಂದು ನಗರವಿತ್ತು. ಅಲ್ಲಿ ಮನೆಗಳಿಗಿಂತ ಬೇಗ ಕಸ ಬೆಳೆಯಿತು. ರಂಗೋಲಿಯ ಮೇಲೆ ಕಸ ಎಸೆಯಲು ಜನ ಹಿಂಜರಿಯುತ್ತಾರೆ ಎಂಬುದನ್ನು ಒಬ್ಬ ಅಧಿಕಾರಿ ಗಮನಿಸಿದ. ಕಸ ಬೀಳುವ ಮೂಲೆಗಳಿಗೆಲ್ಲ ರಂಗೋಲಿ ಹಾಕಿಸಿದ. ಮೂಲೆಗಳು ಶುಚಿಯಾದವು. ಕಸ ಮನೆಗಳ ಮುಂದೆ ಬಂತು. ಆಗ ಮನೆಯವರೂ ತಮ್ಮ ತಮ್ಮ ಬಾಗಿಲಿಗೆ ದೊಡ್ಡ ದೊಡ್ಡ ರಂಗೋಲಿ ಹಾಕಿಕೊಂಡರು.

ಒಂದು ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಸಾವಾದ ಮನೆಗೆ ವರ್ಷ ತುಂಬುವ ತನಕ ರಂಗೋಲಿ ಹಾಕಬಾರದೆಂಬುದು ಆ ಬೀದಿಯ ಪದ್ಧತಿ. ಹೀಗಾಗಿ ಬರಿದಾಗಿ ಉಳಿದದ್ದು ಅವನ ಬಾಗಿಲೊಂದೇ. ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ. ಕಸ ಹಾಕಲು ಬೇರೆ ಜಾಗವಿರಲಿಲ್ಲ, ಅಷ್ಟೆ. ಸಂತೈಸಲು ಬರುತ್ತಿದ್ದವರು ನಾತ ತಾಳಲಾರದೆ ಬರುವುದನ್ನು ಬಿಟ್ಟರು. ಬಟ್ಟೆ ಹೊಲಿಸುವವರೂ ಬಿಟ್ಟರು. ನಾಯಿಗಳು ಮಾತ್ರ ತಪ್ಪದೆ ಬಂದವು.

ದರ್ಜಿ ಪಕ್ಕದ ಮನೆಯಾಕೆಯನ್ನು ಬೇಡಿಕೊಂಡ: "ಅಕ್ಕಾ, ನನ್ನ ಬಾಗಿಲಿಗೂ ಎರಡು ಎಳೆ ಎಳೆದುಬಿಡಿ. ನಿಮಗೆ ಪುಣ್ಯ ಬರುತ್ತೆ."

"ಸರಿಹೋಯ್ತು! ಬೀದಿಯವರು ನನ್ನ ಸುಮ್ಮನೆ ಬಿಡ್ತಾರೇನಪ್ಪಾ? ಆ ಪುಣ್ಯಾತ್ಗಿತ್ತಿ ಎಷ್ಟು ಮಡಿಯಾಗಿ ಬಾಳಿದವಳು! ಅವಳಿಗಾದರೂ ಮರ್ಯಾದೆ ಬೇಡವೆ? ಒಂದು ವರ್ಷ ತಾನೆ, ತಡ್ಕೋ."

ಹೀಗೆಂದು ಆಕೆ ಕೈಯಲ್ಲಿದ್ದ ಕಸದ ಚೀಲವನ್ನು ಅವನ ಬಾಗಿಲಲ್ಲಿಟ್ಟು, ತನ್ನ ರಂಗೋಲಿಯನ್ನು ತುಳಿಯದೆ ಎಚ್ಚರದಿಂದ ಒಳಗೆ ಹೋದಳು.

ಕೆಲವು ತಿಂಗಳ ಮೇಲೆ ಅಧಿಕಾರಿ ಬೀದಿ ನೋಡಲು ಬಂದ. ಈ ತುದಿಯಿಂದ ಆ ತುದಿಗೆ ರಂಗೋಲಿ. "ಒಂದೇ ಒಂದು ಮನೆ ಬಾಕಿ" ಎಂದು ಸಂತೋಷಪಟ್ಟು ಬೀದಿಗೆ ಬಹುಮಾನ ಕೊಟ್ಟ. ಚಪ್ಪಾಳೆಯನ್ನು ದರ್ಜಿ ಒಳಗಿನಿಂದಲೇ ಕೇಳಿಸಿಕೊಂಡ. ಬಾಗಿಲು ತೆರೆದರೆ ಕಸ ಒಳಗೆ ಬೀಳುತ್ತಿತ್ತು.

ವರ್ಷ ತುಂಬಿತು. ಇನ್ನು ಆ ಬಾಗಿಲಿಗೂ ರಂಗೋಲಿ ಹಾಕಬಹುದಿತ್ತು. ಹಾಕುವವಳು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು, "ಎಂಥ ಜನ, ಬುದ್ಧಿ!" ಎಂದ.

"ಸಿಪ್ಪೆಯನ್ನು ಎಲ್ಲಿ ಹಾಕಿ ಬಂದೆ?" ಎಂದು ಗುರುಗಳು ಕೇಳಿದರು.

ಸಿಪ್ಪೆ ಪಕ್ಕದ ಮನೆಯ ಬಾಗಿಲಲ್ಲಿತ್ತು.