ತಡಿಯಮ್ಮನ ದಿಬ್ಬ

ನಮ್ಮೂರ ಕೆರೆ ಏರಿ ಮುಗಿಯೋ ಕಡೆ, ತೂಬು ದಾಟಿದ ಮೇಲೆ, ಒಂದು ಮಣ್ಣಿನ ದಿಬ್ಬ ಐತೆ. ಗುಡಿ ಇಲ್ಲ, ಗಂಟೆ ಇಲ್ಲ, ಪೂಜಾರಿಯೂ ಇಲ್ಲ. ಸೊಂಟದೆತ್ತರದ ಕೆಮ್ಮಣ್ಣು, ಮೈತುಂಬ ಅಂಗೈ ಗುರುತು. ಓದಿದೋರು ಬಂದು, ತಡಿ ಅಂದ್ರೆ ದಡ, ದಡದಲ್ಲಿರೋ ಅಮ್ಮ ಅದಕ್ಕೇ ತಡಿಯಮ್ಮ ಅಂತ ಬರಕೊಂಡು ಹೋಗ್ತಾರೆ. ಬರಕೊಳ್ಳಲಿ. ನಿಜ ಏನು ಅಂತ ನಮ್ಮಜ್ಜ ನನಗೆ ಹೇಳಿದಾನೆ. ಅವನು ಮರೆತದ್ದನ್ನ ನಾನೇ ಸೇರಿಸಿದೀನಿ.

ಹಿಂದೆ ಒಮ್ಮೆ, ಈ ಕೆರೇಲಿ ಆನೆ ಮುಳುಗೋವಷ್ಟು ನೀರಿದ್ದ ಕಾಲದಲ್ಲಿ, ಇಲ್ಲಿ ಚನ್ನಿಗಯ್ಯ ಅನ್ನೋ ಕುಂಬಾರ ಇದ್ದ. ಮಹಾ ಅವಸರದೋನು. ಊಟಕ್ಕೆ ಕೂತರೆ ಎಲೆ ಹಾಕೋದ್ರೊಳಗೆ ಎದ್ದು ಕೈ ತೊಳೀತಿದ್ದ ಅಂತಾರೆ. ಮಡಕೆ ಒಣಗೋ ಮೊದಲೇ ಆವಿಗೆಗೆ ಹಾಕಿ ಸುಡೋಕೆ ಓಡ್ತಿದ್ದ. ಹೆಂಡತಿ ಸಣ್ಣೀರಮ್ಮ, ಮಡಕೆ ತಟ್ಟೋ ಹಲಗೆ ಅಡ್ಡ ಹಿಡಿದು, "ತಡಿ, ಇನ್ನೂ ಹಸಿ" ಅಂತಿದ್ದಳು. ಗಂಡನ್ನ ಬಹುವಚನದಲ್ಲಿ ಮಾತಾಡಿಸೋ ಹೆಂಗಸಲ್ಲ ಅವಳು. ದಿನಕ್ಕೆ ಸಾವಿರ ಸಲ ತಡಿ. ಒಂದು ಆಷಾಢದಲ್ಲಿ ಅವಳಿಗೆ ಜ್ವರ ಬಂತು, ಮೂರೇ ದಿನ. ಮೂರನೇ ದಿನ ತಡಿ ಅನ್ನೋ ಸರದಿ ಅವನದಾಯ್ತು. ಅವಳು ತಡೀಲಿಲ್ಲ.

ಮಣ್ಣು ಮಾಡಿ ಬಂದೋನು ದೇವರ ಗೂಡಿನ ದೀಪ ಆರಿಸಿಬಿಟ್ಟ. ಮೂಲೇಲಿ ಅವಳು ತಟ್ಟಿಟ್ಟ ಕೊನೇ ಮಡಕೆ, ಇನ್ನೂ ಹಸಿ. ನಾದಿನಿ ಹೊನ್ನೀರಿಗೆ ಹೇಳಿದ: "ಇದೊಂದು ಒಣಗಲಿ. ಸುಟ್ಟು, ನೀರು ತುಂಬಿ, ನಿಮ್ಮಕ್ಕನ್ನ ಮಣ್ಣು ಮಾಡಿದ ಗುಡ್ಡೆ ಮೇಲಿಡ್ತೀನಿ. ಆಮೇಲೆ ನಾನೂ ಕೆರೆಗೆ ಇಳೀತೀನಿ." ಹೊನ್ನೀರಿ ಅತ್ತಳು, ಬೈದಳು, ದಿನಾ ಬಂದು ಆ ಮಡಕೆ ಮುಟ್ಟಿ ನೋಡಿ ಹೋಗೋಳು. ಚನ್ನಿಗಯ್ಯನೋ, ಬಿಸಿಲು ಬಂದ್ರೆ ಮಡಕೆ ನೆರಳಿಗೆ ಇಡ್ತಿದ್ದ, ಗಾಳಿ ಎದ್ರೆ ಗೋಣಿ ಹೊದಿಸ್ತಿದ್ದ. ಅವಳು ತಟ್ಟಿದ್ದು ಬಿರುಕು ಬಿಡಬಾರದಲ್ಲ. ಕಾಯೋನಿಗೆ ಹಸಿವೂ ಆಗ್ತದೆ. ಒಂದು ಮುದ್ದೆ ತಿರುವೋನು. ಕಣ್ಣೀರು ಬಂದ್ರೆ ಕೂತು ಅಳೋನು, ಅದಕ್ಕೂ ಅವಸರ ಮಾಡ್ತಿರಲಿಲ್ಲ. ಹಿಂಗೇ ಮೂರು ವರ್ಷ ಆಯ್ತು ಅಂತಿದ್ದ ನಮ್ಮಜ್ಜ. ನಾನು ಹನ್ನೆರಡು ಅಂತೀನಿ. ಹನ್ನೆರಡು ಅಂದ್ರೆ ಜನ ಬೇಗ ನಂಬ್ತಾರೆ.

ಮಡಕೆ ಮಾತ್ರ ಒಣಗಲೇ ಇಲ್ಲ. ಒಂದು ಸಂಜೆ ಹೊನ್ನೀರಿ ಬಾಗಿಲಲ್ಲೇ ನಿಂತುಬಿಟ್ಟಳು. ಚನ್ನಿಗಯ್ಯ ಕೈ ನೀರಲ್ಲಿ ಅದ್ದಿ ಮಡಕೆ ಮೈ ಸವರ್ತಿದ್ದ.

"ಭಾವ, ಇದೇನು? ಹಗಲೆಲ್ಲ ಒಣಗಿಸೋದು, ಸಂಜೆ ನೀನೇ ನೀರು ಸವರೋದು! ಸಾಯೋಕೆ ಹೊರಟೋರು ಹಿಂಗೆ ಮಾಡ್ತಾರಾ?"

ಅವನು ಕೈ ನೋಡಿಕೊಂಡ. ದಿನಾ ಸವರ್ತಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಕೈ ಮಡಕೆ ಮೇಲೇ ಇಟ್ಟು ಅಂದ, "ಇದು ನನ್ನ ಕೈಯಲ್ಲ ಕಣಮ್ಮ. ತಡಿ ಅಂತ ಅವಳೇ ಹಿಡಕೊಂಡವಳೆ." ಎದ್ದು ದೇವರ ಗೂಡಲ್ಲಿ ದೀಪ ಹಚ್ಚಿದ. ಹೊನ್ನೀರಿಯ ಅಳು ಏರಿಗೆಲ್ಲ ಕೇಳಿಸ್ತಂತೆ.

ಆ ಮಡಕೆ ಸುಡಲಿಲ್ಲ. ಏರಿ ಕೊನೇಲಿ, ತೂಬಿನಾಚೆ ತಂದಿಟ್ಟ. ಮಳೆಗೆ ಅದು ನಿಧಾನಕ್ಕೆ ಕರಗ್ತು, ಕರಗಿದಷ್ಟೂ ಅವನು ಮಣ್ಣು ಮೆತ್ತಿದ. ತಾನಾಗಿ ಕಣ್ಣು ಮುಚ್ಚೋವರೆಗೂ ಮೆತ್ತಿದ. ಆಮೇಲೆ ಬೇರೆಯೋರು. ಗಂಡನ್ನ, ಹೆಂಡತೀನ ಕಳಕೊಂಡೋರು ಈಗಲೂ ಬರ್ತಾರೆ. ಹರಕೆ ಇಲ್ಲ, ಮಂತ್ರ ಇಲ್ಲ. ಕೈ ಒದ್ದೆ ಮಾಡಿ ಒಂದು ಸಲ ಸವರಿ, ಕೈ ಆರೋವರೆಗೆ ಕೂತಿದ್ದು ಮನೆಗೆ ಹೋಗಿ ಒಲೆ ಹಚ್ಚೋದು, ಅಷ್ಟೇ. ನಾನೂ ಕೂತಿದೀನಿ. ಇದರಲ್ಲಿ ಮಾತ್ರ ಏನೂ ಸೇರಿಸಿಲ್ಲ.

ನೀವು ಬಂದಾಗ ಮುಟ್ಟಿ ನೋಡಿ. ಕೆರೆ ಬತ್ತೋ ಬೇಸಿಗೇಲೂ ದಿಬ್ಬ ತಣ್ಣಗೆ, ಹಸಿ ಹಸಿ ಇರ್ತದೆ. ಯಾರೋ ಒಬ್ಬರು ಈಗ ತಾನೆ ಎದ್ದು ಹೋಗಿರ್ತಾರೆ.