ಕ್ಷುದ್ರಗ್ರಹಕ್ಕೆ ಗೆಳೆಯನ ಹೆಸರು

"ಮೇಷ್ಟ್ರೇ, ಒಂದ್ಸಲ ಇಟ್ಟ ಹೆಸರನ್ನ ಕಿತ್ತುಹಾಕಬಹುದಾ?"

ನೀಲಾಂಬಿಕೆ ಚಪ್ಪಲೀನೂ ಬಿಡದೆ ಒಳಗೆ ನುಗ್ಗಿದ್ದಳು. ಫಾಲಾಕ್ಷ ಮೇಷ್ಟ್ರು ದೂರದರ್ಶಕದ ಗಾಜು ಒರೆಸ್ತಾ ಕೂತಿದ್ರು. ಅವಳಿಗೂ ಅವಳ ಗೆಳೆಯ ಜಯತೀರ್ಥನಿಗೂ ಆಕಾಶ ನೋಡೋದು ಕಲಿಸಿದವರು ಅವರೇ.

"ಯಾರ ಹೆಸರಮ್ಮ?"

"ಇನ್ಯಾರದು, ಆ ಜಯತೀರ್ಥಂದು!"

ಹೇಳ್ತಾ ಹೇಳ್ತಾ ಅವಳಿಗೆ ಮತ್ತೆ ಮೈಯೆಲ್ಲ ಉರೀತು. ಉರೀದೆ ಇರುತ್ತಾ? ಮಂಗಳಕ್ಕೂ ಗುರುಗ್ರಹಕ್ಕೂ ನಡುವೆ ಸೂರ್ಯನ್ನ ಸುತ್ತೋ ಲಕ್ಷಾಂತರ ಕಲ್ಲುಗಳಲ್ಲಿ ಇಬ್ಬರೂ ಒಂದೊಂದು ಹೊಸದನ್ನ ಕಂಡುಹಿಡಿದಿದ್ರು. ಕಂಡ ಕೂಡಲೇ ಹೆಸರಿಡೋ ಹಾಗಿಲ್ಲ, ಅದು ಮತ್ತೆ ಮತ್ತೆ ಕಾಣಿಸ್ಕೊಂಡು ಅದರ ದಾರಿ ಇದೇ ಅಂತ ಗಟ್ಟಿಯಾಗೋವರೆಗೂ ವರ್ಷಗಟ್ಟಲೆ ಕಾಯಬೇಕು, ಅಷ್ಟು ಕಾದ ಮೇಲೂ ಕಂಡವರು ತಮ್ಮ ಹೆಸರನ್ನೇ ಇಟ್ಕೊಳ್ಳೋ ಹಾಗಿಲ್ಲ! ಅವಳ ಕಲ್ಲಿನ ದಾರಿ ಮೊದಲು ಗಟ್ಟಿಯಾಯ್ತು. ಹಿಂದುಮುಂದು ನೋಡದೆ ಜಯತೀರ್ಥ ಅಂತ ಹೆಸರು ಕೊಟ್ಟಳು. ಈಗ ಅವನ ಸರದಿ ಬಂತು, ಅವನು ಇಟ್ಟಿದ್ದೇನು?

"ಅವರಜ್ಜಿ ಹೆಸರು ಮೇಷ್ಟ್ರೇ! ಸಂಜೆ ಏಳಕ್ಕೇ ಮಲಗಿಬಿಡೋ ಅಜ್ಜಿ! ಜನ್ಮದಲ್ಲಿ ಒಂದು ನಕ್ಷತ್ರ ನೋಡಿದ್ರೆ ಕೇಳಿ!"

"ನಿನ್ನ ಹೆಸರಿಡ್ತೀನಿ ಅಂದಿದ್ನಾ?"

"ಬಾಯ್ಬಿಟ್ಟು ಅನ್ನಬೇಕಾ? ಅಷ್ಟೂ ಗೊತ್ತಾಗಲ್ವಾ ಅವನಿಗೆ?"

ಮೇಷ್ಟ್ರು ಗಾಜು ಪಕ್ಕಕ್ಕಿಟ್ಟು ಅವಳನ್ನ ಕೂರಿಸಿದರು.

"ಒಂದೂರಲ್ಲಿ ಬಾವಿ ತೋಡಿಸಿದವರು ಅದರ ಮೇಲೆ ತಮ್ಮ ಹೆಸರು ಕೆತ್ತಿಸೋ ಹಾಗಿರಲಿಲ್ಲ. ಒಬ್ಬ ವ್ಯಾಪಾರಿ ಬಾವಿ ತೋಡಿಸಿದ. ಪಕ್ಕದ ಮನೆ ರೈತನ ಹೆಸರು ಕೆತ್ತಿಸಿದ. ಊರೆಲ್ಲ ಹೊಗಳಿತು. ಮುಂದೆ ರೈತನೂ ಒಂದು ಬಾವಿ ತೋಡಿದ. ಅದಕ್ಕೆ, ಮಣ್ಣು ಎಳೆದ ತನ್ನ ಎತ್ತಿನ ಹೆಸರಿಟ್ಟ. ವ್ಯಾಪಾರಿ ಉಳಿ ಸುತ್ತಿಗೆ ಹಿಡ್ಕೊಂಡು ತನ್ನ ಬಾವಿಗೆ ಓಡಿದ. ನೀರು ಸೇದ್ತಿದ್ದ ಹೆಂಗಸು ಕೇಳಿದಳು, 'ಯಾಕಯ್ಯಾ, ಆ ರೈತ ನಿಂಗೇನು ಮಾಡಿದ?' 'ನನ್ನ ಹೆಸರು ಕೆತ್ತಿಸಲಿಲ್ಲ' ಅಂದ ಇವನು. ರೈತನ ಹೆಸರನ್ನ ಒಂದಕ್ಷರ ಉಳಿಸದೆ ಕೆರೆದು ಹಾಕಿದ."

"ಸರಿಯಾಗೇ ಮಾಡಿದ!" ನೀಲಾಂಬಿಕೆ ಎದ್ದೇ ನಿಂತಳು. "ಪಾಪ, ಎತ್ತಿಗಿಂತ ಕಡೆಯಾಗಿಹೋದ್ನಾ ಅವನು? ಅಷ್ಟು ದೊಡ್ಡ ಮನಸ್ಸು ಮಾಡಿ ಬೇರೆಯವನ ಹೆಸರು ಕೆತ್ತಿಸಿದ್ದನಲ್ಲ ಮೇಷ್ಟ್ರೇ!"

ಮೇಷ್ಟ್ರು ಅವಳ ಮುಖ ನೋಡಿದರು.

"ಹಾಗಾದ್ರೆ ರೈತನ ಹೆಸರು ಕೆತ್ತಿಸುವಾಗ ಅವನ ಮನಸ್ಸಲ್ಲಿ ಇದ್ದಿದ್ದು ಯಾರ ಹೆಸರಮ್ಮ?"