ಯಾರೂ ಇಲ್ಲದ ವಿಳಾಸ

"ಗುರುಗಳೇ, ಮನುಷ್ಯ ಎಲ್ಲಿಯವರೆಗೆ ನಂಬದೆ ಇರಬೇಕು?" ಎಂದು ಚನ್ನವೀರ ಕೇಳಿದ.

ಚನ್ನವೀರನದು ಕ್ರಿಪ್ಟೋ ಟೋಕನ್‌ಗಳ ಸ್ಮಾರ್ಟ್ ಕಾಂಟ್ರಾಕ್ಟ್ ಪರೀಕ್ಷಿಸುವ ಕೆಲಸ. ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಕಂಪ್ಯೂಟರಿನ ಭಾಷೆಯಲ್ಲಿ ಬರೆದ ಕರಾರು. ಒಮ್ಮೆ ಬಿಟ್ಟರೆ ತಾನೇ ನಡೆಯುತ್ತದೆ, ಬರೆದವನೂ ಅದನ್ನು ತಿದ್ದಲಾರ. ಹಾಗಾಗಿ ಬಿಡುವ ಮೊದಲು ಅದರಲ್ಲಿ ತೂತು ಇದೆಯೇ, ಮೋಸ ಇದೆಯೇ ಎಂದು ಬಲ್ಲವರೊಬ್ಬರು ನೋಡಿಕೊಡಬೇಕು. ಬಿಡುವಾದಾಗಲೆಲ್ಲ ಚನ್ನವೀರ ಮಠಕ್ಕೆ ಬರುತ್ತಿದ್ದ. ಈ ಸಲ ಬಂದವನು ಊಟವನ್ನೂ ಸರಿಯಾಗಿ ಮಾಡಿರಲಿಲ್ಲ.

"ಯಾರನ್ನೂ ನಂಬದಿರುವುದೇ ನನ್ನ ಕಸುಬು," ಎಂದ. "ಬರೆದವನನ್ನು ನಂಬಬಾರದು, ಬರೆಸಿದವನನ್ನು ನಂಬಬಾರದು, ನಾಳೆ ಬರುವವನನ್ನಂತೂ ನಂಬಲೇಬಾರದು. ನಂಬದೆ ನಂಬದೆ ದಣಿದುಹೋಗಿದ್ದೇನೆ. ಮನೆಯಲ್ಲಿ ಹೆಂಡತಿ ಗ್ಯಾಸ್ ಆರಿಸಿದ್ದೇನೆ ಅಂದರೂ ಎದ್ದು ಹೋಗಿ ನೋಡುತ್ತೇನೆ."

ಗುರುಗಳು ನಕ್ಕರು. ಅವರಿಗೂ ಅಂದು ಆಯಾಸವಾಗಿತ್ತು. ಬೆಳಗಿನಿಂದ ಬಂದವರ ಕಷ್ಟ ಕೇಳಿ ಕೇಳಿ ದನಿ ಕುಗ್ಗಿತ್ತು. "ಫೋನಿನಲ್ಲಿ ಹಾಲಿನವನಿಗೆ ದುಡ್ಡು ಹಾಕುವುದೂ ನನಗೆ ಬರುವುದಿಲ್ಲ. ಆದರೂ ನಿನ್ನ ಕಸುಬಿನವನೊಬ್ಬನ ಕತೆಯನ್ನೇ ಹೇಳುತ್ತೇನೆ. ಎಲ್ಲಾದರೂ ತಪ್ಪಿದರೆ ಸಹಿಸಿಕೋ, ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನದೊಂದು ಶೀತಲಗೃಹ ಇತ್ತು. ಸುತ್ತಲಿನ ರೈತರು ಒಣಮೆಣಸಿನಕಾಯಿಯ ಚೀಲಗಳನ್ನು ಅಲ್ಲಿಟ್ಟು ಬೆಲೆ ಏರುವವರೆಗೆ ಕಾಯುತ್ತಿದ್ದರು. ವ್ಯಾಪಾರಿಗೆ ಹೊಸದರ ಹುಚ್ಚು. ಒಂದು ಚೀಲಕ್ಕೆ ಒಂದು ಟೋಕನ್ ಎಂದು ಮಾಡಿದ. ಟೋಕನ್ ರೈತನ ಫೋನಿನಲ್ಲಿರುತ್ತದೆ. ಅವನು ಅದನ್ನು ಯಾರಿಗೆ ಬೇಕಾದರೂ ಮಾರಬಹುದು. ಟೋಕನ್ ತಂದವನಿಗೆ ಚೀಲ. ಇದೇ ಕರಾರು.

ಕರಾರು ಬರೆಸುವಾಗ ವ್ಯಾಪಾರಿ ಒಂದು ಕೀಲಿಕೈಯನ್ನು ತನ್ನ ಬಳಿ ಇಟ್ಟುಕೊಂಡ. ಅದು ಕಬ್ಬಿಣದ್ದಲ್ಲ, ಅವನೊಬ್ಬನಿಗೇ ಗೊತ್ತಿದ್ದ ಕೆಲವು ಗುಟ್ಟಿನ ಪದಗಳು. ಏನಾದರೂ ಅನಾಹುತವಾದರೆ ಆ ಪದಗಳಿಂದ ಇಡೀ ವ್ಯವಹಾರವನ್ನು ನಿಲ್ಲಿಸಬಹುದಿತ್ತು.

ಶುರು ಮಾಡುವ ಮೊದಲು ಅವನು ಒಬ್ಬ ಪರೀಕ್ಷಕನನ್ನು ಕರೆಸಿದ. ಪರೀಕ್ಷಕ ಹೆಸರು ಮಾಡಿದವನು, ಆಮಿಷಕ್ಕೆ ಬಾಗುವವನಲ್ಲ. ಆದರೆ ಒಡೆಯನೇ ಕೀಲಿಕೈ ತಿರುಗಿಸಿ ಜನರ ಗಂಟಿನೊಂದಿಗೆ ಪರಾರಿಯಾದದ್ದನ್ನು ಎಷ್ಟೋ ಕಡೆ ಕಂಡಿದ್ದ. ಕಂಡು ಕಂಡು ಅವನ ಮನಸ್ಸು ಬತ್ತಿಹೋಗಿತ್ತು. ಯಾವ ಕರಾರು ಎದುರಿಗೆ ಬಂದರೂ ಒಡೆಯನ ಕೈ ಎಲ್ಲಿ ಅಡಗಿದೆ ಎಂದು ಮೊದಲು ಹುಡುಕುತ್ತಿದ್ದ. ಇಲ್ಲೂ ಹುಡುಕಿದ, ಕೀಲಿಕೈ ಸಿಕ್ಕಿತು.

"ಇದು ನಿಮ್ಮ ಹತ್ತಿರ ಇರುವವರೆಗೆ ನಾನು ಒಪ್ಪಿಗೆ ಬರೆಯುವುದಿಲ್ಲ," ಎಂದ.

"ನಾ ಏನ್ ಕಳ್ಳ ಏನ್ರಿ? ಬೆಂಕಿ ಗಿಂಕಿ ಬಿದ್ರ ಬಾಗಲಾ ಹಾಕಾಕ ಇರ್ಲಿ ಅಂತ ಇಟ್ಕೊಂಡೀನಿ," ಎಂದ ವ್ಯಾಪಾರಿ.

"ಓಡಿಹೋದವರೂ ಹೀಗೇ ಹೇಳಿದ್ದರು."

ವ್ಯಾಪಾರಿಯ ಮುಖ ಸಪ್ಪಗಾಯಿತು. ಅಲ್ಲೇ ಒಬ್ಬ ರೈತ ಹೆಂಗಸು ನಿಂತಿದ್ದಳು. ಆ ವರ್ಷದ ಅವಳ ಬೆಳೆಯೆಲ್ಲ ಆ ಶೀತಲಗೃಹದೊಳಗಿತ್ತು. ಬೆಲೆ ಬಂದಾಗ ಮಾರಿ, ಸೋರುವ ತಗಡು ಕಿತ್ತು, ಮನೆಗೆ ಗಟ್ಟಿ ಮಾಳಿಗೆ ಹಾಕಿಸಬೇಕೆಂದಿದ್ದಳು. "ಕೀಲಿ ಅವರ ಹಂತ್ಯಾಕ ಇರ್ಲಿ ಬಿಡ್ರಿ ಸಾಹೇಬ್ರ. ಏನರ ಆದ್ರ ಅವರ ಮನಿ ಎಲ್ಲೈತಿ ಅಂತ ನನಗ ಗೊತ್ತೈತಿ," ಎಂದಳು.

ಪರೀಕ್ಷಕನಿಗೆ ನಗು ಬಂತು. "ಮನೆ ಗೊತ್ತಿರುವುದು ಪುರಾವೆ ಆಗುವುದಿಲ್ಲಮ್ಮ," ಎಂದ.

ಆ ಕಸುಬಿನಲ್ಲಿ ಒಂದು ರೂಢಿ ಇದೆ, ನಿನಗೆ ಗೊತ್ತು. ಒಡೆಯ ತಾನು ಪ್ರಾಮಾಣಿಕ ಎಂದು ತೋರಿಸಬೇಕಾದರೆ ತನ್ನ ಕೀಲಿಕೈಯ ಅಧಿಕಾರವನ್ನು ಕಂಪ್ಯೂಟರಿನೊಳಗಿನ, ಯಾರೂ ಇಲ್ಲದ ಒಂದು ವಿಳಾಸಕ್ಕೆ ಬರೆದುಕೊಡುತ್ತಾನೆ. ಅಲ್ಲಿ ಹೋದದ್ದು ಹಿಂದೆ ಬರುವುದಿಲ್ಲ, ಕಳಿಸಿದವನಿಗೂ ಸಿಗುವುದಿಲ್ಲ. ವ್ಯಾಪಾರಿ ಹಾಗೇ ಮಾಡಿದ. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಎಲ್ಲರೆದುರಿಗೆ ಮಾಡಿದ. ಜನ ಚಪ್ಪಾಳೆ ತಟ್ಟಿದರು.

ಪರೀಕ್ಷಕ ಉಳಿದ ಕರಾರನ್ನೂ ಓದಿದ. ಓದಲಿಲ್ಲ ಅಂದರೆ ಅವನಿಗೆ ಅನ್ಯಾಯ ಮಾಡಿದಂತೆ. ಸಾಲು ಬಿಡದೆ ಓದಿದ. ಆದರೆ ಅವನ ಲೆಕ್ಕದಲ್ಲಿ ಕಳ್ಳ ಆಗಲೇ ಸಿಕ್ಕಿದ್ದ. ಕಳ್ಳ ಸಿಕ್ಕ ಮೇಲೆ ಮನೆ ತಡಕುವವನ ಕಣ್ಣು ಹೇಗಿರುತ್ತದೆ ಹೇಳು? ಆ ಕಣ್ಣಿನಿಂದ ಓದಿದ.

ಹೊರಡುವ ಹೊತ್ತಿಗೆ ವ್ಯಾಪಾರಿ ಸಂಕೋಚದಿಂದ, "ಸಿಟ್ಟಾಗಬ್ಯಾಡ್ರಿ, ಇನ್ನೊಬ್ಬರ ಕಣ್ಣಿಗೂ ಒಂದ್ಸಲ ತೋರ್ಸೋಣೇನ್ರಿ?" ಎಂದ. ಪರೀಕ್ಷಕನಿಗೆ ಸಿಟ್ಟೇ ಬಂತು. ಉಳಿದ ಪರೀಕ್ಷಕರನ್ನು ಅವನು ಬಲ್ಲ. ಅರ್ಧ ಓದಿ ಸಹಿ ಹಾಕುವ ಮಂದಿ. "ನಾನು ನೋಡಿದ ಮೇಲೂ ಇನ್ನೊಬ್ಬರು ಬೇಕೆ?" ಎಂದ. ವ್ಯಾಪಾರಿ ಆ ಮಾತು ಬಿಟ್ಟ. ಪರೀಕ್ಷಕ ಒಪ್ಪಿಗೆ ಬರೆದುಕೊಟ್ಟ. ಕರಾರಿನಲ್ಲಿ ದೋಷವಿಲ್ಲ, ಇದನ್ನು ಯಾರೂ ನಿಲ್ಲಿಸಲಾರರು, ಒಡೆಯನೂ ನಿಲ್ಲಿಸಲಾರ ಎಂದು ಬರೆದ.

ಗುರುಗಳು ಲೋಟ ಎತ್ತಿ ನೀರು ಕುಡಿದರು. ಚನ್ನವೀರ ಏನೋ ಹೇಳಲು ಹೋದ. ಅವರು ಕೈ ಅಡ್ಡ ಮಾಡಿ ಮುಂದುವರಿಸಿದರು.

ತೂತು ಇದ್ದದ್ದು ಬೇರೆ ಕಡೆ. ಯಾರಾದರೂ ಟೋಕನ್ನಿನ ಒಂದು ತುಣುಕನ್ನು ಮಾತ್ರ ಕೊಟ್ಟರೆ, ಕೊಟ್ಟವನ ಲೆಕ್ಕದಿಂದ ಆ ತುಣುಕಷ್ಟೇ ಕಳೆಯುತ್ತಿತ್ತು. ಪಡೆದವನ ಲೆಕ್ಕಕ್ಕೆ ಇಡೀ ಟೋಕನ್ ಸೇರುತ್ತಿತ್ತು. ಚೀಲ ಬಿಚ್ಚಿ ಹಿಡಿಯಷ್ಟು ಕಾಯಿ ಮಾರುವ ರೈತ ಎಲ್ಲಿದ್ದಾನೆ? ಎಲ್ಲರೂ ಇಡೀ ಚೀಲವನ್ನೇ ಮಾರುತ್ತಿದ್ದರು. ಹಾಗಾಗಿ ಬೇಸಿಗೆ ಕಳೆದು ಮಳೆಗಾಲ ಬಂದರೂ ಯಾರಿಗೂ ತಿಳಿಯಲಿಲ್ಲ.

ಮೆಣಸಿನ ಗಿಡವನ್ನೇ ಕಾಣದ ಯಾವನೋ ಒಬ್ಬನಿಗೆ, ಎಲ್ಲೋ ಕುಳಿತಲ್ಲಿ, ತಿಳಿಯಿತು. ತನ್ನ ಒಂದು ಖಾತೆಯಿಂದ ತನ್ನದೇ ಇನ್ನೊಂದು ಖಾತೆಗೆ ತುಣುಕು ಕಳಿಸಿದ, ಇಡೀ ಟೋಕನ್ ಬಂತು. ಮತ್ತೆ ಕಳಿಸಿದ, ಮತ್ತೆ ಬಂತು. ಮಧ್ಯಾಹ್ನದೊಳಗೆ ಶೀತಲಗೃಹದ ಚೀಲಗಳಿಗಿಂತ ಹೆಚ್ಚು ಟೋಕನ್ ಅವನ ಬಳಿ ಇದ್ದವು. ಅಗ್ಗದ ಬೆಲೆಗೆ ಪೇಟೆಗೆ ಬಿಟ್ಟು ಕಾಣೆಯಾದ. ದೂರದೂರಿನ ಖರೀದಿದಾರರು, ಪಾಪ, ಅವರಿಗೇನು ಗೊತ್ತು, ಪರೀಕ್ಷಕನ ಒಪ್ಪಿಗೆ ನೋಡಿ ಧೈರ್ಯವಾಗಿ ಕೊಂಡರು.

ವ್ಯಾಪಾರಿ ಪರೀಕ್ಷಕನಿಗೆ ಫೋನ್ ಮಾಡಿ, ಹೇಗಾದರೂ ನಿಲ್ಲಿಸಿ ಎಂದು ಅಂಗಲಾಚಿದ. ನಿಲ್ಲಿಸುವ ಕೀಲಿಕೈ ಯಾರೂ ಇಲ್ಲದ ವಿಳಾಸದಲ್ಲಿತ್ತು. ಪರೀಕ್ಷಕ ಸಿಕ್ಕ ಬಸ್ಸು ಹತ್ತಿ ಹೊರಟ. ದಾರಿಯಲ್ಲಿ ಕರಾರನ್ನು ಮತ್ತೆ ತೆರೆದು ಓದಿದ. ಆ ಸಾಲಿಗೆ ಬರುತ್ತಲೇ ತೂತು ಕಣ್ಣಿಗೆ ಹೊಡೆಯಿತು. ಅಂದು ಯಾಕೆ ಕಾಣಲಿಲ್ಲ ಎಂದು ಊರು ಮುಟ್ಟುವವರೆಗೂ ತನ್ನನ್ನೇ ಕೇಳಿಕೊಂಡ.

ಅವನು ಬರುವಷ್ಟರಲ್ಲಿ ಲಾರಿಗಳು ಸಾಲುಗಟ್ಟಿದ್ದವು. ವ್ಯಾಪಾರಿ ಶೀತಲಗೃಹದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಒಂದು ಕಡೆ ರೈತರು, ಇನ್ನೊಂದು ಕಡೆ ಖರೀದಿದಾರರು. ಎರಡೂ ಕಡೆಯವರ ಕೈಯಲ್ಲಿ ಟೋಕನ್ ಇದ್ದವು, ಒಳಗೆ ಅಷ್ಟು ಚೀಲ ಇರಲಿಲ್ಲ. ಮೊದಲು ಬಂದವರು ಖರೀದಿದಾರರು. ಒಡೆಯನೂ ನಿಲ್ಲಿಸಲಾರ ಎಂಬ ಪರೀಕ್ಷಕನ ಮಾತನ್ನೇ ಅವರು ಓದಿ ಓದಿ ಹೇಳುತ್ತಿದ್ದರು.

"ನೀವ ಹೇಳ್ರಿ. ಬಾಗಲಾ ತೆಗೀಲೋ ಬ್ಯಾಡೋ?" ಎಂದು ವ್ಯಾಪಾರಿ ಕೇಳಿದ.

ಬೇಡ ಎಂದರೆ ಪರೀಕ್ಷಕ ಬರೆದುಕೊಟ್ಟದ್ದು ಸುಳ್ಳಾಗುತ್ತದೆ. ತೆಗೆ ಎಂದರೆ ರೈತರ ಒಂದು ವರ್ಷ ಹೋಗುತ್ತದೆ. ವ್ಯಾಪಾರಿ ತುಸು ಕಾದು, ತಾನೇ ಬಾಗಿಲು ತೆಗೆದ. ಅವನು ಕಳ್ಳನಾಗಿದ್ದರೆ ಆ ದಿನ ಬಾಗಿಲು ಹಾಕಿ ನಿಲ್ಲುತ್ತಿದ್ದ, ರೈತರು ಉಳಿದುಕೊಳ್ಳುತ್ತಿದ್ದರು. ಆದರೆ ಅವನು ಮಾತಿನ ಮನುಷ್ಯ, ಟೋಕನ್ ತಂದವನಿಗೆ ಚೀಲ ಎಂದಿದ್ದ.

ಚೀಲಗಳು ಲಾರಿ ಏರಿದವು. ಆ ಹೆಂಗಸು ತನ್ನ ಚೀಲಗಳನ್ನು ತಾನೇ ಹಾಕಿದ ಹೊಲಿಗೆ ನೋಡಿ ಗುರುತಿಸಿದಳು. ಅಳಲಿಲ್ಲ, ಬೈಯಲೂ ಇಲ್ಲ. ಪರೀಕ್ಷಕನ ಹತ್ತಿರ ಬಂದಳು.

"ಎಲ್ಲಾ ನೋಡೀನಿ ಅಂದಿದ್ರೆಲ್ಲ ಸಾಹೇಬ್ರ?"

"ನೋಡಿದ್ದೆ ತಾಯಿ."

"ನಿಮ್ಮ ಜೋಡಿ ಮತ್ಯಾರು ನೋಡಿದ್ರು?"

"ಯಾರೂ ಇಲ್ಲ. ನಾನೊಬ್ಬನೇ."

ಅವಳು ಸೆರಗು ಕೊಡವಿ ಊರ ದಾರಿ ಹಿಡಿದಳು. ಆ ಮಳೆಗಾಲವೂ ಅವಳ ಮನೆ ಸೋರಿತು. ಈ ಕತೆ ಹೇಳುವಾಗಲೆಲ್ಲ ನನಗೆ ಅದರದೇ ಸಂಕಟ.

ಗುರುಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕತೆ ಮುಗಿದಿತ್ತು. ಚನ್ನವೀರ ಅವರತ್ತ ಸರಿದು ಕುಳಿತ.

"ಹಾಗಾದರೆ ಪರೀಕ್ಷಕ ಆ ವ್ಯಾಪಾರಿಯನ್ನು ನಂಬಬೇಕಿತ್ತೇ?" ಎಂದು ಕೇಳಿದ.

"ಇಲ್ಲ. ಕೀಲಿಕೈ ಕಂಡು ಅನುಮಾನಪಟ್ಟದ್ದು ಸರಿಯೇ."

"ಮತ್ತೆ ತಪ್ಪಿದ್ದು ಎಲ್ಲಿ ಗುರುಗಳೇ? ಅವನು ಯಾರನ್ನೂ ನಂಬಿರಲಿಲ್ಲವಲ್ಲ!"

"ನಂಬಿದ್ದ, ಚನ್ನವೀರ, ನಿನ್ನ ಹಾಗೆ ತನ್ನೊಬ್ಬನನ್ನೇ ನಂಬಿದ್ದ, ಅದಕ್ಕೇ ನಿನ್ನಷ್ಟೇ ದಣಿದಿದ್ದ."